ಇಮೇಲ್ ಬದಲು ವಾಟ್ಸಾಪ್‌ನಲ್ಲಿ ಆರ್ಡರ್: ಸಣ್ಣ ಅಂಗಡಿಯವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮದು ತಿಪಟೂರಿನಲ್ಲಿ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್, ಜಾತ್ರೆ ಕರಪತ್ರ, ಇಂಥವೇ ಕೆಲಸ. ಮೊದಲೆಲ್ಲ ಮ್ಯಾಟರ್ (ಅಚ್ಚು ಹಾಕಬೇಕಾದ ಬರಹ) ಬೇಕು ಅಂದರೆ "ಮೇಲ್ ಮಾಡಿ" ಅನ್ನುತ್ತಿದ್ದೆವು. ಹಳ್ಳಿಯಿಂದ ಬಂದವರು ಸೈಬರ್ ಸೆಂಟರ್‌ಗೆ ಹೋಗಿ ಅಲ್ಲಿನ ಹುಡುಗನ ಕೈಲಿ ಮೇಲ್ ಹಾಕಿಸುತ್ತಿದ್ದರು. ಎಷ್ಟೋ ಸಲ ಅದು ಸೈಬರ್ ಸೆಂಟರ್ ಐಡಿಯಿಂದಲೇ ಬರುತ್ತಿತ್ತು. ನಾವು ಪ್ರೂಫ್ (ಪ್ರಿಂಟ್ ಹಾಕುವ ಮುಂಚೆ ತಪ್ಪು ನೋಡಲು ಕಳಿಸುವ ಮಾದರಿ) ಕಳಿಸಿದರೆ ಅದು ಅಲ್ಲೇ ಕೂತಿರುತ್ತಿತ್ತು, ಮನೆಯವರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಈಗ ಎಲ್ಲರ ಕೈಲೂ ಫೋನ್ ಇದೆ, ಎಲ್ಲರೂ ವಾಟ್ಸಾಪ್‌ನಲ್ಲೇ ಇದ್ದಾರೆ. ನಮ್ಮ ಆರ್ಡರ್‌ಗಳೆಲ್ಲ ಹೆಚ್ಚೂಕಮ್ಮಿ ಅಲ್ಲಿಗೇ ಬಂದಿವೆ.

ಆದರೆ ಸುಮ್ನೆ ನಂಬರ್ ಕೊಟ್ಟು "ಇದಕ್ಕೆ ಕಳಿಸಿ" ಅಂದರೆ ಸಾಲದು. ಅದನ್ನು ನಾನು ಕಲಿತದ್ದು ಒಂದು ವೈಶಾಖದ ಮದುವೆಯಲ್ಲಿ.

ಬೆಳಿಗ್ಗೆ ಪ್ರೂಫ್ ಕಳಿಸಿದ್ದೆ. ಅದರಲ್ಲಿ ಮುಹೂರ್ತ 10-45 ಅಂತ ಇತ್ತು. ಮಧ್ಯಾಹ್ನ ಹುಡುಗಿಯ ತಂದೆ ಎರಡೂವರೆ ನಿಮಿಷದ ವಾಯ್ಸ್ ಮೆಸೇಜ್ ಹಾಕಿದರು. ನಾನು ಮೆಷಿನ್ ಪಕ್ಕದಲ್ಲಿದ್ದೆ. ಆ ಸದ್ದಿನಲ್ಲೇ ಅರ್ಧ ಕೇಳಿದೆ. ಹೆಸರುಗಳನ್ನು ಹಿಂದೆ ಮುಂದೆ ಮಾಡುವ ಮಾತು ಅಂದುಕೊಂಡು, ಅಷ್ಟನ್ನು ತಿದ್ದಿ ಮತ್ತೆ ಕಳಿಸಿದೆ. ಸಂಜೆ ಹುಡುಗಿಯ ಅಣ್ಣ ಬೇರೆ ನಂಬರ್‌ನಿಂದ "ಓಕೆ ಅಣ್ಣ, ಪ್ರಿಂಟ್ ಹಾಕಿ" ಅಂದರು. 400 ಕಾರ್ಡು ಹಾಕಿದೆ. ಮಾರನೇ ದಿನ ತಂದೆ ಬಂದರು. ಒಂದು ಕಾರ್ಡು ತೆಗೆದು, ಸಾಲಿನ ಮೇಲೆ ಬೆರಳಿಟ್ಟು ಓದುತ್ತಾ ಬಂದವರು ಮುಹೂರ್ತದ ಹತ್ತಿರ ನಿಂತುಬಿಟ್ಟರು. ಪುರೋಹಿತರು ಮುಹೂರ್ತವನ್ನು 10-15ಕ್ಕೆ ಬದಲಾಯಿಸಿದ್ದನ್ನು ಅವರು ಹೇಳಿದ್ದರು. ಆ ವಾಯ್ಸ್ ಮೆಸೇಜಿನ ಕೊನೆಯ 20 ಸೆಕೆಂಡಿನಲ್ಲಿ. ಅವರು ಬೈಯಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು. 400 ಕಾರ್ಡನ್ನೂ ನಮ್ಮ ಖರ್ಚಿನಲ್ಲೇ ಮತ್ತೆ ಹಾಕಿಕೊಟ್ಟೆವು.

ಆಮೇಲೆ ಕೂತು ಯೋಚಿಸಿದೆ. ಇಮೇಲ್‌ನಲ್ಲಿ ಕೆಲವು ಶಿಸ್ತು ತಾನಾಗೇ ಇತ್ತು. ವಿಷಯ ಬರೆಯುವ ಸಾಲು, ಯಾರಿಗೆ ಅನ್ನೋ ಸಾಲು, ಪ್ರತಿ ಯಾರಿಗೆ ಅನ್ನೋ ಸಾಲು. ಹೇಳಬೇಕಾದ್ದನ್ನೆಲ್ಲ ಜನ ಒಂದೇ ಪತ್ರದಲ್ಲಿ ಬರೆಯುತ್ತಿದ್ದರು. ಬಂದ ಪತ್ರ ವರ್ಷಗಟ್ಟಲೆ ಸರ್ವರ್‌ನಲ್ಲಿ ಉಳಿಯುತ್ತಿತ್ತು. ಮೆಸೇಜಿಂಗ್‌ಗೆ ಬಂದಾಗ ಇದ್ಯಾವುದೂ ಜೊತೆಗೆ ಬರುವುದಿಲ್ಲ. ನಾವೇ ತರಬೇಕು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ. ನಮ್ಮ ಉದಾಹರಣೆ ಪ್ರೆಸ್‌ನದ್ದು. ಟೈಲರ್ ಅಂಗಡಿ, ಬೇಕರಿ, ಶಾಮಿಯಾನದವರು, ಫೋಟೋ ಸ್ಟುಡಿಯೋ, ಯಾರಿಗಾದರೂ ಇದು ಹೊಂದುತ್ತದೆ.

ಹಂತ 1: ಯಾವ ಆ್ಯಪ್?

ಗ್ರಾಹಕರು ಎಲ್ಲಿದ್ದಾರೋ ಅಲ್ಲಿಗೆ ಹೋಗಬೇಕು. ನಮ್ಮ ಕಡೆ ಅದು ವಾಟ್ಸಾಪ್. ಇದರ ಜೊತೆ ಟೆಲಿಗ್ರಾಂ ಇಟ್ಟುಕೊಂಡರೆ ಒಂದು ಅನುಕೂಲ ಇದೆ. ಅಲ್ಲಿ ಕಳಿಸಿದ್ದೆಲ್ಲ ಸರ್ವರ್‌ನಲ್ಲೇ ಉಳಿಯುತ್ತದೆ, ಫೋನ್ ಬದಲಾಯಿಸಿದರೂ ಹಳೆಯ ಫೈಲ್ ಸಿಗುತ್ತದೆ. ನಂಬರ್ ತೋರಿಸದೆ ಯೂಸರ್‌ನೇಮ್ ಇಟ್ಟುಕೊಂಡೂ ಮಾತಾಡಬಹುದು. ಆದರೆ ವಾಟ್ಸಾಪ್‌ನಲ್ಲಿ 2016ರಿಂದ ಎಲ್ಲ ಮೆಸೇಜಿಗೂ ಇರುವ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ (ಕಳಿಸಿದವರು, ಪಡೆದವರು ಬಿಟ್ಟು ನಡುವೆ ಯಾರೂ ಓದಲಾಗದ ಬೀಗ) ಟೆಲಿಗ್ರಾಂನ ಮಾಮೂಲಿ ಚಾಟ್‌ನಲ್ಲಿ ಇಲ್ಲ. ಸೀಕ್ರೆಟ್ ಚಾಟ್‌ನಲ್ಲಿ ಮಾತ್ರ ಇದೆ. ಗುಟ್ಟಿನ ವಿಷಯಕ್ಕೆ ಸಿಗ್ನಲ್ ಅನ್ನೋ ಆ್ಯಪ್ ಒಳ್ಳೆಯದು, ಆದರೆ ನಮ್ಮೂರಲ್ಲಿ ಅದನ್ನು ಹಾಕಿಕೊಂಡವರು ಕಡಿಮೆ.

ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್ ಮೆಸೆಂಜರ್‌ನಲ್ಲಿ ವಿಚಾರಣೆ ಬರುತ್ತದೆ, ಬರಲಿ. ಆದರೆ ಪರಿಚಯ ಇಲ್ಲದವರ ಮೆಸೇಜ್ ಅಲ್ಲಿ 'ಮೆಸೇಜ್ ರಿಕ್ವೆಸ್ಟ್' ಅನ್ನೋ ಬೇರೆ ಪೆಟ್ಟಿಗೆಗೆ ಬೀಳುತ್ತದೆ, ಎಷ್ಟೋ ದಿನ ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ದಿನಕ್ಕೊಂದು ಸಲ ಅದನ್ನು ತೆರೆದು ನೋಡಿ. ವಿಚಾರಿಸಿದವರನ್ನು ವಾಟ್ಸಾಪ್ ನಂಬರ್‌ಗೆ ಕರೆದುಕೊಳ್ಳಿ. ಆರ್ಡರ್ ಒಂದೇ ಕಡೆ ಇರಲಿ.

ಹಂತ 2: ಅಂಗಡಿಗೆ ಅಂತ ಬೇರೆ ನಂಬರ್

ಮನೆಯ ನಂಬರ್‌ನಲ್ಲಿ ವ್ಯವಹಾರ ಮಾಡಬೇಡಿ. ನೆಂಟರ ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಗ್ರಾಹಕರ ತಿದ್ದುಪಡಿ ಮುಳುಗಿಹೋಗುತ್ತದೆ. ಬೇರೆ ಸಿಮ್ ತೆಗೆದುಕೊಂಡು ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿ. ಇದು 2018ರಲ್ಲಿ ಬಂದ ಆ್ಯಪ್, ಉಚಿತ. ಅಂಗಡಿಯಲ್ಲಿ ಲ್ಯಾಂಡ್‌ಲೈನ್ ಇದ್ದರೆ ಆ ನಂಬರ್‌ಗೂ ಹಾಕಬಹುದು. ನಂಬರ್ ನಿಮ್ಮದೇ ಅಂತ ಖಚಿತಪಡಿಸುವ ಕೋಡನ್ನು ಎಸ್ಸೆಮ್ಮೆಸ್ ಬದಲು ಕರೆ ಮಾಡಿ ಹೇಳುತ್ತಾರೆ.

ಹಾಕಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಟೂ-ಸ್ಟೆಪ್ ವೆರಿಫಿಕೇಶನ್. ಸೆಟ್ಟಿಂಗ್ಸ್, ಅದರೊಳಗೆ ಅಕೌಂಟ್, ಅಲ್ಲಿ ಸಿಗುತ್ತದೆ. 6 ಅಂಕಿಯ ಪಿನ್ ಇಡಿ. ಒಂದು ಇಮೇಲ್ ವಿಳಾಸ ಕೇಳುತ್ತದೆ, ತಪ್ಪದೆ ಕೊಡಿ. ಪಿನ್ ಮರೆತರೆ ಅದೇ ದಾರಿ. ಎಸ್ಸೆಮ್ಮೆಸ್‌ನಲ್ಲಿ ಬರುವ ಕೋಡನ್ನು ಯಾರೇ ಕೇಳಿದರೂ ಹೇಳಬೇಡಿ. ಪರಿಚಯದವರ ನಂಬರ್‌ನಿಂದ ಕೇಳಿದರೂ ಬೇಡ. ಆ ನಂಬರ್ ಆಗಲೇ ಕಳ್ಳರ ಕೈಗೆ ಹೋಗಿರಬಹುದು.

ಕಂಪ್ಯೂಟರ್‌ಗೂ ಜೋಡಿಸಿಕೊಳ್ಳಿ. 'ಲಿಂಕ್ಡ್ ಡಿವೈಸಸ್' ತೆರೆದು ಪರದೆಯ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರಾಯಿತು. ಫೋನ್ ಬಿಟ್ಟು ಇನ್ನೂ 4 ಸಾಧನ ಜೋಡಿಸಬಹುದು. ಕೆಲಸ ಬಿಟ್ಟುಹೋದ ಹುಡುಗರ ಕಂಪ್ಯೂಟರ್ ಪಟ್ಟಿಯಲ್ಲಿ ಉಳಿದಿದ್ದರೆ ತೆಗೆದುಹಾಕಿ.

ಹಂತ 3: ವಿಷಯದ ಸಾಲನ್ನು ನೀವೇ ಬರೆಯಿರಿ

ಆರ್ಡರ್ ಒಪ್ಪಿಕೊಂಡ ತಕ್ಷಣ ನಮ್ಮ ಕಡೆಯಿಂದ ಒಂದು ಮೆಸೇಜ್ ಹೋಗುತ್ತದೆ. ಹೀಗಿರುತ್ತದೆ:

"ಕೆಲಸ ನಂ. 214. ಲಗ್ನಪತ್ರಿಕೆ, 400 ಕಾರ್ಡು, ಕನ್ನಡ, ಎರಡು ಬಣ್ಣ. ಅಡ್ವಾನ್ಸ್ ಬಂದಿದೆ. ಮ್ಯಾಟರ್ ಬಂದ ಮರುದಿನ ಮೊದಲ ಪ್ರೂಫ್. ಪ್ರೂಫ್ ಒಪ್ಪಿಗೆ ಕೊಡುವವರು: ಹುಡುಗಿಯ ತಂದೆ, ಇದೇ ನಂಬರ್‌ನಿಂದ."

ಆ ಕೆಲಸ ನಂಬರನ್ನು ನಮ್ಮ ಆರ್ಡರ್ ಪುಸ್ತಕದಲ್ಲೂ ಬರೆದುಕೊಳ್ಳುತ್ತೇವೆ. ಮುಂದೆ ಆ ಆರ್ಡರಿನ ಪ್ರತಿ ಮುಖ್ಯ ಮೆಸೇಜೂ '214' ಅಂತಲೇ ಶುರುವಾಗುತ್ತದೆ. ಆರು ತಿಂಗಳಾದ ಮೇಲೆ 214 ಅಂತ ಹುಡುಕಿದರೆ ಇಡೀ ಕತೆ ಸಾಲಾಗಿ ಸಿಗುತ್ತದೆ. ಒಬ್ಬರೇ ಮದುವೆ ಕಾರ್ಡೂ ಬಿಲ್ ಬುಕ್ಕೂ ಒಟ್ಟಿಗೆ ಕೊಟ್ಟಾಗ ಇದರ ಬೆಲೆ ಗೊತ್ತಾಗುತ್ತದೆ.

ಈ ಮೊದಲ ಮೆಸೇಜನ್ನು ಒತ್ತಿ ಹಿಡಿದು 'ಪಿನ್' ಮಾಡಿ, ಆಗ ಅದು ಚಾಟಿನ ಮೇಲ್ಗಡೆಯೇ ಕಾಣುತ್ತಿರುತ್ತದೆ. 30 ದಿನದ ಆಯ್ಕೆ ಇದೆ, ಒಂದು ಲಗ್ನಪತ್ರಿಕೆ ಕೆಲಸಕ್ಕೆ ಅಷ್ಟು ಸಾಕು.

ಹಂತ 4: ಒಪ್ಪಿಗೆ ಒಬ್ಬರದ್ದೇ

ಮೇಲಿನ ಮೆಸೇಜಿನ ಕೊನೆಯ ಸಾಲನ್ನು ಗಮನಿಸಿದಿರಿ ಅಲ್ವಾ? ನನ್ನ 400 ಕಾರ್ಡು ಕಲಿಸಿದ ಸಾಲು ಅದು. ಮದುವೆ ಮನೆಯಲ್ಲಿ ದೊಡ್ಡಪ್ಪ, ಸೋದರಮಾವ, ಭಾವ ಎಲ್ಲರಿಗೂ ಕಾರ್ಡಿನ ಬಗ್ಗೆ ಒಂದೊಂದು ಅಭಿಪ್ರಾಯ ಇರುತ್ತದೆ. ಇರಬೇಕಾದ್ದೇ, ಅದು ಅವರ ಮನೆಯ ಸಂಭ್ರಮ. ಆದರೆ ನಮಗೆ ಹೇಳುವವರು ಒಬ್ಬರೇ ಆಗಿರಲಿ. ಬೇರೆಯವರು ಮೆಸೇಜ್ ಮಾಡಿದರೆ ನಾವು ಹೀಗೆ ಉತ್ತರಿಸುತ್ತೇವೆ: "ಖಂಡಿತ ಅಣ್ಣ, ಇದನ್ನು ಯಜಮಾನರ ನಂಬರ್‌ನಿಂದ ಒಂದು ಸಲ ಹಾಕಿಸಿಬಿಡಿ, ಆಗ ತಪ್ಪಾಗಲ್ಲ." ಇದುವರೆಗೆ ಯಾರೂ ಬೇಜಾರು ಮಾಡಿಕೊಂಡಿಲ್ಲ.

ಎರಡೂ ಮನೆಯವರು ಸೇರಿ ಕಾರ್ಡು ಹಾಕಿಸುತ್ತಿದ್ದರೆ ಮೂರ್ನಾಲ್ಕು ಜನರ ಸಣ್ಣ ಗ್ರೂಪ್ ಮಾಡಿ. ಗ್ರೂಪಿನ ಹೆಸರು 'ಕೆಲಸ 214' ಅಂತಲೇ ಇರಲಿ. ಗ್ರೂಪಿಗೆ ಸೇರಿಸಿದರೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತದೆ, ಆದ್ದರಿಂದ ಮೊದಲೇ ಕೇಳಿ. ಒಬ್ಬ ಗ್ರಾಹಕರನ್ನು ಇನ್ನೊಬ್ಬ ಗ್ರಾಹಕರ ಜೊತೆ ಎಂದೂ ಒಂದೇ ಗ್ರೂಪಿಗೆ ಹಾಕಬೇಡಿ. ಹಬ್ಬದ ರಿಯಾಯಿತಿಯಂಥ ಸುದ್ದಿಯನ್ನು ಎಲ್ಲರಿಗೂ ತಿಳಿಸುವುದಿದ್ದರೆ ಬ್ರಾಡ್‌ಕಾಸ್ಟ್ ಲಿಸ್ಟ್ ಇದೆ. ಒಂದು ಲಿಸ್ಟಿಗೆ 256 ಜನ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ.

ಹಂತ 5: ಮಾತಿಗೆ ವಾಯ್ಸ್, ಹೆಸರಿಗೆ ಅಕ್ಷರ

ವಾಯ್ಸ್ ಮೆಸೇಜನ್ನು ನಾನು ಬೇಡ ಅನ್ನುವುದಿಲ್ಲ. ಟೈಪ್ ಮಾಡಲು ಬಾರದ ಅಜ್ಜ ತನ್ನ ಮೊಮ್ಮಗಳ ಮದುವೆ ಕಾರ್ಡು ಹೇಗಿರಬೇಕು ಅಂತ ತನ್ನದೇ ಮಾತಿನಲ್ಲಿ ಹೇಳುವುದು ಇಮೇಲ್‌ನಲ್ಲಿ ಆಗುತ್ತಲೇ ಇರಲಿಲ್ಲ. ಅದು ದೊಡ್ಡ ಲಾಭ. ಆದರೆ ಹೆಸರು, ದಿನ, ಸಮಯ, ಮೊತ್ತ ಇವು ನಾಲ್ಕೂ ಅಕ್ಷರದಲ್ಲೇ ಬರಬೇಕು. ಕಿವಿಗೆ 'ಶೈಲ', 'ಶೈಲಾ' ಎರಡೂ ಒಂದೇ. 'ವೀಣಾ', 'ವೀನಾ' ಕೂಡ. ಕಾರ್ಡಿನಲ್ಲಿ ಅದು ಒಂದೇ ಅಲ್ಲ. ಆ ಮನೆಯವರು ಆಧಾರ್‌ನಲ್ಲಿ ಹೇಗೆ ಬರೆಸಿದ್ದಾರೋ ಹಾಗೇ ಬೇಕು ಅನ್ನಬಹುದು.

ಹಾಗಾಗಿ ವಾಯ್ಸ್ ಬಂದರೆ ಕೊನೆಯವರೆಗೆ ಕೇಳಿ. ಕೇಳಿದ್ದನ್ನು ನೀವೇ ಟೈಪ್ ಮಾಡಿ, ಆ ವಾಯ್ಸ್ ಮೆಸೇಜಿಗೇ ಉತ್ತರವಾಗಿ ಕಳಿಸಿ: "214. ನೀವು ಹೇಳಿದ್ದು ಎರಡು ಬದಲಾವಣೆ. 1. ದೊಡ್ಡಪ್ಪನ ಹೆಸರು ಮೊದಲು. 2. ಮುಹೂರ್ತ ಬೆಳಿಗ್ಗೆ 10-15ರಿಂದ 11-00ರೊಳಗೆ, ಕಟಕ ಲಗ್ನ. ಸರಿನಾ?" ಮೆಷಿನ್ ಸದ್ದಿನಲ್ಲಿ ಕೇಳಬೇಡಿ, ಹೊರಗೆ ಬಂದು ಕೇಳಿ. ನಿಮಗೂ ಟೈಪ್ ಮಾಡುವುದು ನಿಧಾನ ಆದರೆ ಗೂಗಲ್ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿ, ಅದೇ ಬರೆದುಕೊಳ್ಳುತ್ತದೆ. ಹೆಸರುಗಳನ್ನು ಮಾತ್ರ ಕೈಯಲ್ಲಿ ತಿದ್ದಿ.

ಇನ್ನೊಂದು ತೊಂದರೆ ಡಿಟಿಪಿಯವರಿಗೆಲ್ಲ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವವರಿಗೆ) ಗೊತ್ತು. 'ನುಡಿ', 'ಬರಹ' ಅನ್ನೋ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅದು ಕೆಟ್ಟಿಲ್ಲ, ಯೂನಿಕೋಡ್‌ನಲ್ಲಿ (ಎಲ್ಲ ಫೋನಿಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲಿ) ಇಲ್ಲ ಅಷ್ಟೇ. ಕನ್ವರ್ಟರ್‌ನಲ್ಲಿ ಯೂನಿಕೋಡ್ ಮಾಡಿ ಕಳಿಸಿ, ಇಲ್ಲ ಪಿಡಿಎಫ್ ಮಾಡಿ.

ಹಂತ 6: ಫೋಟೋ ಯಾವಾಗಲೂ ಡಾಕ್ಯುಮೆಂಟ್ ಆಗಿ

ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಫೋಟೋ ಕಳಿಸಿದರೆ ಅದು ಚಿಕ್ಕದಾಗಿ ಬರುತ್ತದೆ. ಫೋನಿನಲ್ಲಿ ಚೆನ್ನಾಗೇ ಕಾಣುತ್ತದೆ, ಕಾಗದದ ಮೇಲೆ ಮಸುಕು. 300 ಡಿಪಿಐನಲ್ಲಿ (ಒಂದು ಇಂಚಿಗೆ 300 ಚುಕ್ಕೆ) ಪೂರ್ತಿ ಎ4 ಹಾಳೆಗೆ ಫೋಟೋ ಹಾಕಬೇಕಾದರೆ 2480 × 3508 ಪಿಕ್ಸೆಲ್ ಬೇಕು. ಎಚ್‌ಡಿ ಗುರುತು ಒತ್ತಿದರೆ ಸ್ವಲ್ಪ ವಾಸಿ. ಅದಕ್ಕಿಂತ ಒಳ್ಳೆಯದು, ಕ್ಲಿಪ್ ಗುರುತು ಒತ್ತಿ 'ಡಾಕ್ಯುಮೆಂಟ್' ಆರಿಸಿ ಕಳಿಸುವುದು. ಆಗ ಮೂಲ ಫೋಟೋ ಇದ್ದ ಹಾಗೇ ಬರುತ್ತದೆ. ಈ ವಿಷಯದಲ್ಲಿ ಇದು ಇಮೇಲ್‌ಗಿಂತ ಮೇಲು. ಜಿಮೇಲ್‌ನಲ್ಲಿ ಲಗತ್ತಿಸುವ ಫೈಲಿಗೆ 25 ಎಂಬಿ ಮಿತಿ, ವಾಟ್ಸಾಪ್‌ನಲ್ಲಿ 2 ಜಿಬಿವರೆಗೆ ಹೋಗುತ್ತದೆ.

ಗ್ರಾಹಕರಿಗೆ ಇದನ್ನು ಪ್ರತಿ ಸಲ ವಿವರಿಸುವುದು ಕಷ್ಟ. ಹೇಗೆ ಒತ್ತಬೇಕು ಅಂತ ಫೋನಿನ ಪರದೆಯನ್ನೇ ರೆಕಾರ್ಡ್ ಮಾಡಿದ ಚಿಕ್ಕ ವಿಡಿಯೋ ಇಟ್ಟುಕೊಳ್ಳಿ, ಅದನ್ನೇ ಕಳಿಸಿ.

ಹಂತ 7: ಪ್ರೂಫ್ ಮತ್ತು ಒಪ್ಪಿಗೆ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಉಳಿದದ್ದನ್ನು ಮರೆತರೂ ಇದನ್ನು ಮರೆಯಬೇಡಿ.

ಪ್ರೂಫನ್ನು ಪಿಡಿಎಫ್ ಮಾಡಿ, ಫೈಲಿಗೆ '214-ಪ್ರೂಫ್2' ಅಂತ ಹೆಸರಿಡಿ. ಪುಟದ ಮೂಲೆಯಲ್ಲೂ 'ಪ್ರೂಫ್ 2' ಅಂತ ಸಣ್ಣದಾಗಿ ಬರಲಿ. ಯಾಕೆಂದರೆ ಗ್ರಾಹಕರು ಅದರ ಸ್ಕ್ರೀನ್‌ಶಾಟ್ ತೆಗೆದು ಮನೆಯವರಿಗೆಲ್ಲ ಕಳಿಸುತ್ತಾರೆ. ಅಲ್ಲಿಂದ ತಿದ್ದುಪಡಿ ಬಂದಾಗ ಯಾವ ಪ್ರೂಫಿಗೆ ಹೇಳುತ್ತಿದ್ದಾರೆ ಅಂತ ಗೊತ್ತಾಗಬೇಕು. ಹೊಸ ಪ್ರೂಫ್ ಕಳಿಸಿದಾಗ ಹಳೆಯದಕ್ಕೆ ಉತ್ತರವಾಗಿ "ಪ್ರೂಫ್ 1 ಇನ್ನು ಬೇಡ" ಅಂತ ಬರೆಯಿರಿ.

ಒಪ್ಪಿಗೆ ಕೇಳುವಾಗ "ಓಕೆನಾ?" ಅಂತ ಕೇಳಬೇಡಿ. ಥಂಬ್ಸ್ ಅಪ್ ಬರುತ್ತದೆ, ಅದು 'ನೋಡಿದೆ' ಅಂತಲೋ 'ಒಪ್ಪಿದೆ' ಅಂತಲೋ ಗೊತ್ತಾಗುವುದಿಲ್ಲ. ನೀಲಿ ಟಿಕ್ ಕೂಡ ಒಪ್ಪಿಗೆ ಅಲ್ಲ, ತೆರೆದಿದ್ದಾರೆ ಅಂತ ಮಾತ್ರ. ನಾವು ಹೀಗೆ ಕೇಳುತ್ತೇವೆ: "ಈ ಐದನ್ನು ಒಂದೊಂದಾಗಿ ನೋಡಿ: ವಧೂವರರ ಹೆಸರು, ದಿನಾಂಕ ಮತ್ತು ವಾರ, ಮುಹೂರ್ತ, ಆರತಕ್ಷತೆ ಸಮಯ, ಛತ್ರದ ವಿಳಾಸ. ಎಲ್ಲ ಸರಿ ಇದ್ದರೆ ಇದೇ ಪಿಡಿಎಫ್ ಅನ್ನು ಬಲಕ್ಕೆ ಎಳೆದು 'ಪ್ರೂಫ್ 2 ಪ್ರಿಂಟ್ ಹಾಕಿ' ಅಂತ ಬರೆಯಿರಿ." ಬಲಕ್ಕೆ ಎಳೆದು ಬರೆದರೆ ಉತ್ತರದ ತಲೆಯ ಮೇಲೆ ಆ ಫೈಲಿನ ಹೆಸರೂ ಬರುತ್ತದೆ. ಯಾವುದಕ್ಕೆ ಒಪ್ಪಿದ್ದಾರೆ ಅನ್ನೋದು ಅಲ್ಲೇ ಇರುತ್ತದೆ. ದಿನಾಂಕ ಮತ್ತು ವಾರ ಎರಡನ್ನೂ ಸೇರಿಸಿ ನೋಡಿಸುವುದು ಬೇಕೆಂದೇ. ಭಾನುವಾರದ ಬದಲು ಸೋಮವಾರದ ತಾರೀಕು ಬಿದ್ದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಇಮೇಲ್‌ನಲ್ಲಿ ಇಲ್ಲದ ಒಂದು ಅಪಾಯ ಇಲ್ಲಿದೆ. ಕಳಿಸಿದ ಮೆಸೇಜನ್ನು 15 ನಿಮಿಷದೊಳಗೆ ತಿದ್ದಬಹುದು. ಸುಮಾರು ಎರಡೂವರೆ ದಿನದವರೆಗೆ ಎಲ್ಲರ ಫೋನಿನಿಂದಲೂ ಅಳಿಸಬಹುದು. ಬೇಕಂತಲೇ ಯಾರೂ ಮಾಡುವುದಿಲ್ಲ. ಆದರೆ 10-45 ಅಂತ ಹಾಕಿ, ನೀವು ಓದಿದ ಮೇಲೆ ಅದನ್ನೇ 10-15 ಅಂತ ತಿದ್ದಿದರೆ ನಿಮ್ಮ ಗಮನಕ್ಕೇ ಬರದೆ ಹೋಗಬಹುದು. ಅದಕ್ಕೆ ಎರಡು ರೂಢಿ ಮಾಡಿಕೊಂಡಿದ್ದೇವೆ. ಅಚ್ಚಿನ ಪ್ಲೇಟ್ ಮಾಡಿಸುವ ಮುಂಚೆ ಇಡೀ ಚಾಟನ್ನು ಇನ್ನೊಂದು ಸಲ ಮೇಲಿನಿಂದ ಓದುತ್ತೇವೆ. ಒಪ್ಪಿಗೆ ಬಂದ ಮೆಸೇಜನ್ನೂ ಆ ಪಿಡಿಎಫ್ ಅನ್ನೂ ಪ್ರೆಸ್‌ನವರಷ್ಟೇ ಇರುವ ನಮ್ಮ ಗ್ರೂಪಿಗೆ ಫಾರ್ವರ್ಡ್ ಮಾಡುತ್ತೇವೆ. ಆ ಕಡೆ ಅಳಿಸಿದರೂ ಫಾರ್ವರ್ಡ್ ಮಾಡಿದ್ದು ನಮ್ಮಲ್ಲಿ ಉಳಿಯುತ್ತದೆ. ಮೆಷಿನ್ ಓಡಿಸುವ ಹುಡುಗ ಆ ಗ್ರೂಪಿನಲ್ಲಿ ಬಂದ ಪಿಡಿಎಫ್ ಬಿಟ್ಟು ಬೇರೆ ಯಾವುದನ್ನೂ ಮುಟ್ಟುವುದಿಲ್ಲ.

ಹಂತ 8: ಲೇಬಲ್, ಸಿದ್ಧ ಉತ್ತರ, ಸಮಯ

ಬಿಸಿನೆಸ್ ಆ್ಯಪ್‌ನಲ್ಲಿ ಚಾಟಿಗೆ ಬಣ್ಣದ ಲೇಬಲ್ ಹಚ್ಚಬಹುದು. ನಮ್ಮದು ನಾಲ್ಕೇ: ಮ್ಯಾಟರ್ ಬರಬೇಕು, ಪ್ರೂಫ್ ಹೋಗಿದೆ, ಪ್ರಿಂಟಿಗೆ, ಬಾಕಿ ಹಣ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ 'ಪ್ರೂಫ್ ಹೋಗಿದೆ' ಲೇಬಲ್ ನೋಡಿದರೆ ಯಾರಿಗೆ ನೆನಪಿಸಬೇಕು ಅಂತ ಗೊತ್ತಾಗುತ್ತದೆ. ಪದೇ ಪದೇ ಬರೆಯುವುದನ್ನು 'ಕ್ವಿಕ್ ರಿಪ್ಲೈ' ಮಾಡಿಟ್ಟರೆ ಓರೆಗೆರೆ ಒತ್ತಿದಾಗ ತಾನೇ ಬರುತ್ತದೆ. ರಾತ್ರಿಗೆ 'ಅವೇ ಮೆಸೇಜ್' ಇಡಿ. ಜನ ರಾತ್ರಿ ಹನ್ನೊಂದಕ್ಕೂ ಮೆಸೇಜ್ ಮಾಡುತ್ತಾರೆ, ಉತ್ತರ ನಾಳೆ ಬರುತ್ತದೆ ಅಂತ ಗೊತ್ತಾದರೆ ಅವರಿಗೂ ಸಮಾಧಾನ.

ಹಂತ 9: ದುಡ್ಡು, ಮೋಸ

ಪೇಮೆಂಟ್ ಸ್ಕ್ರೀನ್‌ಶಾಟ್ ನೋಡಿ ಸರಕು ಕೊಡಬೇಡಿ. ನಿಮ್ಮ ಬ್ಯಾಂಕ್ ಖಾತೆಗೆ ಬಂದಿದೆಯಾ ನೋಡಿ.

ನಮ್ಮ ಕಸುಬಿನವರು ವಿಶೇಷವಾಗಿ ಎಚ್ಚರ ಇರಬೇಕಾದ ಮೋಸ ಒಂದಿದೆ. 2024ರ ಕೊನೆಯಲ್ಲಿ ಮದುವೆ ಕರೆಯೋಲೆ ಅಂತ ಹೇಳಿ ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ ಕಳಿಸುವ ವಂಚನೆಯ ಬಗ್ಗೆ ಪೊಲೀಸರು ಎಚ್ಚರಿಸಿದ್ದರು. ಎಪಿಕೆ ಅಂದರೆ ಕಾರ್ಡಲ್ಲ, ಆ್ಯಪ್. ಒತ್ತಿ ಇನ್‌ಸ್ಟಾಲ್ ಮಾಡಿದರೆ ಫೋನೇ ಕಳ್ಳರ ಕೈಗೆ ಹೋಗುತ್ತದೆ. ಹಾಗಾಗಿ ನಾವು ಡಿಜಿಟಲ್ ಕಾರ್ಡ್ ಕೊಡುವಾಗ ಪಿಡಿಎಫ್ ಅಥವಾ ಚಿತ್ರ ಮಾತ್ರ ಕೊಡುತ್ತೇವೆ. ಜೊತೆಗೆ ಒಂದು ಸಾಲು: "ನಿಮ್ಮ ನೆಂಟರಿಗೆ ಹೇಳಿ, ಎಪಿಕೆ ಅಂತ ಕೊನೆಯಾಗುವ ಕಾರ್ಡನ್ನು ತೆರೆಯಬೇಡಿ." ಯಾರಿಗಾದರೂ ಹಣ ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಹಂತ 10: ದಾಖಲೆ ಉಳಿಸಿಕೊಳ್ಳುವುದು

ಇಮೇಲ್ ಸರ್ವರ್‌ನಲ್ಲಿ ಇರುತ್ತದೆ. ವಾಟ್ಸಾಪ್ ಮೆಸೇಜ್ ತಲುಪಿದ ಮೇಲೆ ಇರೋದು ನಿಮ್ಮ ಫೋನಿನಲ್ಲೇ. ಫೋನ್ ನೀರಿಗೆ ಬಿದ್ದರೆ ಎಲ್ಲ ಹೋಯಿತು. ಆದ್ದರಿಂದ ಚಾಟ್ ಬ್ಯಾಕಪ್ ದಿನಾ ಆಗುವ ಹಾಗೆ ಇಡಿ. ಆಂಡ್ರಾಯ್ಡ್‌ನಲ್ಲಿ ಅದು ಗೂಗಲ್ ಖಾತೆಯ 15 ಜಿಬಿ ಜಾಗದಲ್ಲೇ ಸೇರುತ್ತದೆ, ತುಂಬಿದರೆ ಬ್ಯಾಕಪ್ ನಿಂತುಹೋಗುತ್ತದೆ. ಚಾಟಿನಲ್ಲಿ 'ಡಿಸಪಿಯರಿಂಗ್ ಮೆಸೇಜಸ್' ಆಫ್ ಇದೆಯಾ ಅಂತಲೂ ನೋಡಿ. ಅದನ್ನು ಆ ಕಡೆಯವರೂ ಆನ್ ಮಾಡಬಹುದು. ಆಗ ಹೊಸ ಮೆಸೇಜುಗಳು 24 ಗಂಟೆ, 7 ದಿನ ಅಥವಾ 90 ದಿನಕ್ಕೆ ತಾವಾಗೇ ಅಳಿಯುತ್ತವೆ.

ಕೆಲಸ ಮುಗಿದು ಹಣ ಬಂದ ಮೇಲೆ ಚಾಟ್ ತೆರೆದು 'ಎಕ್ಸ್‌ಪೋರ್ಟ್ ಚಾಟ್' ಕೊಡಿ. ಅದು ಬರಹದ ಫೈಲ್ ಆಗಿ ಬರುತ್ತದೆ. ಕಂಪ್ಯೂಟರಿನಲ್ಲಿ 214ರ ಫೋಲ್ಡರಿಗೆ ಹಾಕಿಡಿ.

ದೊಡ್ಡ ಮೊತ್ತದ ಜಗಳ ಕೋರ್ಟಿಗೆ ಹೋದರೆ ಬರೀ ಸ್ಕ್ರೀನ್‌ಶಾಟ್ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು. ಹಾಗಾಗಿ ವ್ಯಾಜ್ಯ ಬರಬಹುದು ಅನ್ನಿಸಿದರೆ ಆ ಫೋನನ್ನು ಮಾರಬೇಡಿ, ಚಾಟ್ ಅಳಿಸಬೇಡಿ, ವಕೀಲರನ್ನು ಕೇಳಿ.

ಹಂತ 11: ಇಮೇಲ್‌ನಲ್ಲೇ ಉಳಿಯಬೇಕಾದ್ದು

ಜಿಎಸ್‌ಟಿ ನೋಂದಣಿ, ಆದಾಯ ತೆರಿಗೆ ಪೋರ್ಟಲ್, ಬ್ಯಾಂಕ್, ಇವು ಇಮೇಲ್ ಕೇಳುತ್ತವೆ. ಆ ವಿಳಾಸವನ್ನು ವಾರಕ್ಕೊಮ್ಮೆಯಾದರೂ ತೆರೆಯಿರಿ. ಕಂಪನಿ, ಕಾಲೇಜುಗಳ ಕೊಟೇಶನ್ ಕೂಡ ಮೇಲ್‌ನಲ್ಲೇ ಹೋಗಲಿ. ಅಲ್ಲಿ ಒಬ್ಬರು ವರ್ಗ ಆಗಿ ಹೋದರೂ ಮುಂದಿನವರಿಗೆ ಆ ಪತ್ರ ಸಿಗುತ್ತದೆ, ಅವರ ಸ್ವಂತ ಫೋನಿನ ವಾಟ್ಸಾಪ್ ಸಿಗುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಜಿಮೇಲ್‌ನಿಂದ ಯಾಹೂಗೆ ಪತ್ರ ಹೋಗುತ್ತದೆ, ಇಮೇಲ್ ಯಾವ ಒಂದು ಕಂಪನಿಯದ್ದೂ ಅಲ್ಲ. ವಾಟ್ಸಾಪ್ ಒಂದೇ ಕಂಪನಿಯದ್ದು. 2021ರ ಅಕ್ಟೋಬರ್ 4ರ ರಾತ್ರಿ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಒಟ್ಟಿಗೆ ನಿಂತಿದ್ದವು. ಅವತ್ತಿನಿಂದ ಗ್ರಾಹಕರ ಹೆಸರು, ನಂಬರ್, ಡೆಲಿವರಿ ತಾರೀಕನ್ನು ಆರ್ಡರ್ ಪುಸ್ತಕದಲ್ಲಿ ಪೆನ್ನಿನಲ್ಲೂ ಬರೆದಿಡುತ್ತೇವೆ.

ಹಂತ 12: ಹಳೆಯ ಗ್ರಾಹಕರನ್ನು ಕರೆತರುವುದು

ಮದುವೆ ಸೀಸನ್ ನಡುವೆ ಇದನ್ನೆಲ್ಲ ಶುರು ಮಾಡಬೇಡಿ. ನಾವು ಮಾಡಿದ್ದು ಆಷಾಢದಲ್ಲಿ, ಪ್ರೆಸ್ ಖಾಲಿ ಇದ್ದಾಗ. ಬಿಸಿನೆಸ್ ಆ್ಯಪ್‌ನಲ್ಲಿ ಸಿಗುವ ಕ್ಯೂಆರ್ ಕೋಡನ್ನು ಬಿಲ್ಲಿನ ಮೇಲೂ ಕೌಂಟರಿನ ಮೇಲೂ ಹಾಕಿದೆವು. ಹಳೆಯ ಇಮೇಲ್‌ಗೆ ಬಂದವರಿಗೆ ತಾನಾಗೇ ಹೋಗುವ ಉತ್ತರ ಇಟ್ಟೆವು. ಅದು ಇವತ್ತಿಗೂ ಹಾಗೇ ಇದೆ: "ನಿಮ್ಮ ಮೇಲ್ ಬಂದಿದೆ, ದಿನಕ್ಕೊಂದು ಸಲ ನೋಡುತ್ತೇವೆ. ಬೇಗ ಆಗಬೇಕಾದ ಕೆಲಸ ಇದ್ದರೆ ಕೆಳಗಿನ ನಂಬರಿಗೆ ವಾಟ್ಸಾಪ್ ಮಾಡಿ. ಮೇಲ್‌ನಲ್ಲೇ ಮಾತಾಡಬೇಕು ಅಂದರೂ ಸರಿ, ಇಲ್ಲೇ ಉತ್ತರ ಕೊಡುತ್ತೇವೆ."